ಕಲ್ಲಿನ ನಾಮಫಲಕ: ಅಂಚು ಸಿಡಿದರೆ, ಬಣ್ಣ ಬಿಟ್ಟರೆ, ಕಲೆ ಬಿದ್ದರೆ ಎಲ್ಲಿ ನೋಡಬೇಕು

ಕಲ್ಲಿನ ಬೋರ್ಡು ಕೆಟ್ಟರೆ ಅದು ಕಣ್ಣಿಗೆ ಬೀಳುವುದು ಅಕ್ಷರದಲ್ಲಿ. ಹಾಗಾಗಿ ಎಲ್ಲರ ಕೈ ಮೊದಲು ಹೋಗುವುದೂ ಅಕ್ಷರಕ್ಕೇ. ಬಣ್ಣ ಹೋಗಿದ್ದರೆ ಮತ್ತೊಂದು ಕೋಟು, ಅಂಚು ಸಿಡಿದಿದ್ದರೆ ಇನ್ನಷ್ಟು ಆಳ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು. ದೋಷ ಹುಟ್ಟಿದ್ದು ಕಲ್ಲಿನಲ್ಲೋ, ನೀರಿನಲ್ಲೋ, ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿದಾಗಲೋ, ಬೋರ್ಡು ನಿಲ್ಲಿಸಿದ ಕಟ್ಟೆಯಲ್ಲೋ ಎಂದು ಗೊತ್ತಾಗುವ ತನಕ ಉಳಿ ಎತ್ತಬೇಡಿ. ಮರವಾದರೆ ಪುಟ್ಟಿ ಮೆತ್ತಬಹುದು, ಕಲ್ಲಿನಲ್ಲಿ ತೆಗೆದದ್ದು ತೆಗೆದದ್ದೇ.

ಇಲ್ಲಿರುವ ಲೆಕ್ಕವೆಲ್ಲ ದಾವಣಗೆರೆ, ಚಿತ್ರದುರ್ಗ ಸೀಮೆಯ ಬಿಸಿಲು ಮತ್ತು ನೀರಿಗೆ, ಸಣ್ಣ ವರ್ಕ್‌ಶಾಪಿನ ಸಾಮಾನಿಗೆ ಹೊಂದುವಂಥದ್ದು: 4 ಇಂಚಿನ ಗ್ರೈಂಡರ್, ಕಾರ್ಬೈಡ್ ತುದಿಯ ಉಳಿ, ಸ್ಟೆನ್ಸಿಲ್ (ಅಕ್ಷರದ ಆಕಾರ ಕತ್ತರಿಸಿದ ಹಾಳೆ) ಅಂಟಿಸಿ ಬ್ಲಾಸ್ಟಿಂಗ್ ಮಾಡಲು, ಅಂದರೆ ಗಾಳಿಯ ರಭಸದಲ್ಲಿ ಒರಟು ಪುಡಿ ಹೊಡೆದು ಕೊರೆಯಲು ಕಂಪ್ರೆಸರ್, ಇದ್ದವರಿಗೆ ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರವಾದ ಸಿಎನ್‌ಸಿ ರೌಟರ್.

ಮೊದಲು ಕಲ್ಲಿನ ಪರೀಕ್ಷೆ

ಕಪ್ಪಗಿರುವುದೆಲ್ಲ ಕರಿ ಗ್ರಾನೈಟ್ ಅಲ್ಲ. ಅದೇ ಬಣ್ಣದ ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಚಪ್ಪಡಿಯ ಹಿಂಬದಿಗೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಒಂದು ಹನಿ ಬಿಡಿ. ಗುಳ್ಳೆ ಎದ್ದು ನೊರೆ ಬಂದರೆ ಕಡಪ ಅಥವಾ ಶಹಾಬಾದ್, ಸುಮ್ಮನೆ ಕೂತರೆ ಗ್ರಾನೈಟ್. ಹನಿ ಬಿಟ್ಟ ಜಾಗವನ್ನು ಕೂಡಲೇ ನೀರು ಹಾಕಿ ತೊಳೆಯಿರಿ. ಕಡಪ ಕೆತ್ತಲು ಸುಲಭ, ಆದರೆ ಹೊರಗಿಟ್ಟರೆ ಕೆಲವೇ ವರ್ಷಕ್ಕೆ ಪಾಲಿಶ್ ಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ‘ಬಣ್ಣ ಮಾಸಿದೆ’ ಎಂದು ದೂರಿದರೆ ಕೆತ್ತಿದವರ ಕೈಯಲ್ಲಿ ಏನೂ ಇಲ್ಲ.

ಎರಡನೆಯದು ಬಟ್ಟೆಯ ಪರೀಕ್ಷೆ. ಬಿಳಿ ಬಟ್ಟೆಗೆ ಅಸಿಟೋನ್ ಹಚ್ಚಿ ಪಾಲಿಶ್ ಮಾಡಿದ ಮುಖವನ್ನು ಗಟ್ಟಿಯಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಬೂದು ಕಲ್ಲಿಗೆ ಬಣ್ಣ ಅಥವಾ ಎಣ್ಣೆ ಕುಡಿಸಿ ಕಪ್ಪು ಎಂದು ಮಾರಿದ್ದಾರೆ. ಇಂಥ ಕಲ್ಲು ಬಿಸಿಲಿಗೆ ತೇಪೆತೇಪೆಯಾಗಿ ಬೆಳ್ಳಗಾಗುತ್ತದೆ, ಅದಕ್ಕೆ ಔಷಧವಿಲ್ಲ.

ಮೂರನೆಯದು ಸದ್ದು. ಚಪ್ಪಡಿಯನ್ನು ಎರಡು ಮರದ ಪಟ್ಟಿಗಳ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಗೇಣಿಗೊಂದರಂತೆ ತಟ್ಟಿ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಂದು ಕಡೆ ಮಾತ್ರ ಡಬ್ ಎಂದರೆ ಒಳಗೆ ಬಿರುಕಿದೆ. ಅನುಮಾನ ಬಂದಲ್ಲಿ ಒಂದು ಚೊಂಬು ನೀರು ಸುರಿದು ಒರೆಸಿ, ಒಣಗುವ ತನಕ ನೋಡುತ್ತಿರಿ. ಸುತ್ತಲೂ ಒಣಗಿದ ಮೇಲೂ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದರೆ ಅದೇ ಬಿರುಕು. ಆ ಗೆರೆ ಅಕ್ಷರದ ಸಾಲನ್ನು ದಾಟುವುದಾದರೆ ಕಲ್ಲು ಬದಲಿಸಿ. ಎಪಾಕ್ಸಿ ತುಂಬಿ ಒಳಗೆ ಗೋಡೆಗೆ ಹಾಕಬಹುದೇ ಹೊರತು ಬಿಸಿಲಲ್ಲಿ ನಿಲ್ಲಿಸಬಾರದು.

ಊರ ಹೆಬ್ಬಾಗಿಲಿಗೆ, ತೋಟದ ಗೇಟಿಗೆ ಹೊಲದ ಗುಂಡುಕಲ್ಲನ್ನೇ ನಿಲ್ಲಿಸಿ ಕೆತ್ತಿಸುವವರಿದ್ದಾರೆ. ನೋಡಲು ಚೆಂದ. ಆದರೆ ದುರ್ಗದ ಸುತ್ತಿನ ಬೂದು ಬಂಡೆಗಳ ಹೊರಮೈ ಈರುಳ್ಳಿಯಂತೆ ಪದರ ಬಿಡುತ್ತದೆ. ಕಬ್ಬಿಣದ ಮೊಳೆಯಿಂದ ಕೆರೆದು ನೋಡಿ: ಗಟ್ಟಿ ಕಲ್ಲಿನ ಮೇಲೆ ಮೊಳೆಯೇ ಸವೆದು ಬೂದು ಗೆರೆ ಬಿಡುತ್ತದೆ, ಕೊಳೆತ ಪದರವಾದರೆ ಪುಡಿ ಉದುರುತ್ತದೆ. ಪುಡಿ ನಿಲ್ಲುವ ತನಕ ಆ ಸಿಪ್ಪೆ ತೆಗೆದ ಮೇಲೆಯೇ ಅಕ್ಷರ. ತೆಗೆಯದೆ ಕೆತ್ತಿದ್ದರೆ ‘ಅಂಚು ಸಿಡಿಯುತ್ತಿದೆ’ ಎಂಬ ದೂರಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. (ಕೋಟೆಯ ಆವರಣದ ಬಂಡೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿಯ ಒಂದು ಚೂರನ್ನೂ ಮುಟ್ಟುವಂತಿಲ್ಲ.)

ಅಂಚು ಸಿಡಿಯುವುದು

ದೂರುಗಳಲ್ಲಿ ದೊಡ್ಡದು ಇದು, ಕಾರಣಗಳೂ ಹೆಚ್ಚು. ಸಿಡಿದ ಜಾಗವನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ.

ಸಿಡಿದ ಮುಖ ಕನ್ನಡಿಯಂತೆ ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ಕಲ್ಲಿನ ಹರಳು ಇಡಿಯಾಗಿ ಎದ್ದುಬಂದಿದೆ. ಹರಳು ದೊಡ್ಡದು, ಅಕ್ಷರ ಚಿಕ್ಕದು. ಅಂಚಿನುದ್ದಕ್ಕೂ ಬೆಳ್ಳಗೆ ಪುಡಿಯಾದ ಪಟ್ಟಿ ಇದ್ದರೆ ಉಪಕರಣ ಮೊಂಡಾಗಿ ಕಲ್ಲನ್ನು ಕತ್ತರಿಸುವ ಬದಲು ಜಜ್ಜಿದೆ. ಗೆರೆಯ ಒಂದೇ ಬದಿ ಸಿಡಿದಿದ್ದರೆ ರೌಟರಿನ ಬಿಟ್ (ಕೊರೆಯುವ ಮೊನೆ) ಓಲಾಡುತ್ತಿದೆ, ಅದನ್ನು ಹಿಡಿಯುವ ಕೋಲೆಟ್ ಬಿಚ್ಚಿ ಒಳಗಿನ ಕಲ್ಲುಪುಡಿ ತೆಗೆಯಿರಿ. ಗೆರೆ ಮುಗಿಯುವ ಕಡೆಯಲ್ಲಷ್ಟೇ ಸಿಡಿದಿದ್ದರೆ ಕೊನೆಯಲ್ಲಿ ಕೈ ಜೋರಾಗಿದೆ.

ಮೊಂಡಾದ ಡೈಮಂಡ್ ಬ್ಲೇಡಿನ ಗುರುತು: ಕಿಡಿ ಬರುತ್ತದೆ, ಕಲ್ಲು ಹೋಗುವುದಿಲ್ಲ, ಅಂಚು ಮುಟ್ಟಿದರೆ ನುಣುಪು. ವಜ್ರ ಮುಗಿದಿರುವುದಿಲ್ಲ, ಅದನ್ನು ಹಿಡಿದ ಲೋಹ ಮೇಲೆ ಬಂದು ಮುಚ್ಚಿಕೊಂಡಿರುತ್ತದೆ. ಸಿಮೆಂಟ್ ಬ್ಲಾಕಿನಲ್ಲೋ ಹಳೆಯ ಸಾಣೆಕಲ್ಲಿನಲ್ಲೋ ಐದಾರು ಸಲ ಕೊಯ್ದರೆ ಮತ್ತೆ ಬಾಯಿ ಬಿಡುತ್ತದೆ. ಎಲೆಕ್ಟ್ರೋಪ್ಲೇಟೆಡ್ ಬಿಟ್ಟಿಗೆ ಈ ಉಪಾಯ ನಡೆಯದು. ಅದರಲ್ಲಿ ವಜ್ರದ ಪದರ ಇರುವುದೇ ಒಂದು, ಸವೆದರೆ ಬಿಸಾಡಬೇಕು. ಇನ್ನೂ ಒಂದು ಅಕ್ಷರ ಬರಲಿ ಎಂದು ಒತ್ತಿದವರ ಬೋರ್ಡಿನಲ್ಲಿ ಕೊನೆಯ ಸಾಲು ಯಾವಾಗಲೂ ಒರಟಾಗಿರುತ್ತದೆ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ವೇಗ ಅದಕ್ಕಿಂತ ಕಡಿಮೆ ಇದ್ದರೆ ಹಾಕಲೇಬೇಡಿ.

ಆಳವನ್ನು ಒಂದೇ ಸಲಕ್ಕೆ ತೆಗೆಯುವುದು ಇನ್ನೊಂದು ಕಾರಣ. ಗ್ರೈಂಡರಿನಲ್ಲಿ ಸಲಕ್ಕೆ 1 ಮಿ.ಮೀ., ರೌಟರಿನ ವಿ-ಬಿಟ್ಟಿನಲ್ಲಿ (ವಿ ಆಕಾರದ ಮೊನೆ) 0.3ರಿಂದ 0.5 ಮಿ.ಮೀ. ಸಾಕು. ನೀರು ಬಿಟ್ಟಿನ ತುದಿಗೇ ಬೀಳಬೇಕು, ಪಕ್ಕಕ್ಕಲ್ಲ. ಉಳಿ ಹಿಡಿದು ಕೆತ್ತುವವರು ಅಕ್ಷರದ ನಡುಗೆರೆಯಿಂದ ಶುರುಮಾಡಿ ಅಂಚಿನ ಕಡೆ ಬರಲಿ, ಕೊನೆಯ 1 ಮಿ.ಮೀ. ಉಳಿಸಿಕೊಳ್ಳಲಿ. ಆ ಉಳಿದ ಪಟ್ಟಿಯನ್ನು ಅಂಚಿನಿಂದ ಒಳಮುಖವಾಗಿ, ಹಗುರ ಏಟಿನಲ್ಲಿ ತೆಗೆಯಬೇಕು. ಉಳಿಯ ಬಾಯಿ ಹೊರಮುಖವಾದರೆ ಅಂಚು ಉಳಿಯದು.

ಈಗ ಕನ್ನಡಕ್ಕೇ ಸೇರಿದ ತೊಂದರೆ. ನಮ್ಮ ಅಕ್ಷರಗಳಲ್ಲಿ ಸುತ್ತು ಹೆಚ್ಚು, ಸುತ್ತಿನೊಳಗೆ ಉಳಿಯುವ ಕಲ್ಲಿನ ನಡುಗಡ್ಡೆಗಳೂ ಹೆಚ್ಚು. ಸೊನ್ನೆಯ ಒಳಭಾಗ, ‘ಠ’ದ ಹೊಟ್ಟೆ, ಒತ್ತಕ್ಷರಕ್ಕೂ ಮೇಲಿನ ಅಕ್ಷರಕ್ಕೂ ನಡುವಿನ ತೆಳು ಪಟ್ಟಿ, ಹಾರುವುದು ಇವೇ. ಹೀಗೆ ಉಳಿಯುವ ಕಲ್ಲಿನ ಅಗಲ ಕೆತ್ತಿದ ಆಳದ ಎರಡರಷ್ಟಾದರೂ ಇರಬೇಕು, ಜೊತೆಗೆ ಮೂರು ಹರಳಿನ ಅಗಲಕ್ಕಿಂತ ಕಡಿಮೆ ಇರಬಾರದು. 4 ಮಿ.ಮೀ. ಹರಳಿನ ಬೂದು ಗ್ರಾನೈಟಿನಲ್ಲಿ ಅಂದರೆ 12 ಮಿ.ಮೀ. ಈ ಲೆಕ್ಕದಲ್ಲಿ ಅಂಥ ಕಲ್ಲಿಗೆ ಒತ್ತಕ್ಷರವಿರುವ ಹೆಸರನ್ನು 75 ಮಿ.ಮೀ.ಗಿಂತ ಚಿಕ್ಕದಾಗಿ ಹಾಕದಿರುವುದೇ ವಾಸಿ. ನುಣುಪು ಹರಳಿನ ಕರಿ ಗ್ರಾನೈಟಿನಲ್ಲಿ 25 ಮಿ.ಮೀ. ಅಕ್ಷರವೂ ನಿಲ್ಲುತ್ತದೆ. ವಿಳಾಸ, ಫೋನ್ ನಂಬರು ಎಲ್ಲವನ್ನೂ ಬೂದು ಕಲ್ಲಿನಲ್ಲೇ ಬೇಕೆನ್ನುವವರಿಗೆ ಚಿಕ್ಕದೊಂದು ಕರಿ ಪಟ್ಟಿ ಕೂರಿಸಿಕೊಡಿ, ಮುಂದಿನ ಜಗಳ ತಪ್ಪುತ್ತದೆ.

ಹಾರಿಹೋದ ಸೊನ್ನೆ ಸಿಕ್ಕಿದರೆ ಬಿಸಾಡಬೇಡಿ. ಎರಡೂ ಮುಖ ಅಸಿಟೋನಿನಲ್ಲಿ ಒರೆಸಿ, ಎರಡು ಭಾಗದ ಎಪಾಕ್ಸಿಯನ್ನು ತೆಳುವಾಗಿ ಹಚ್ಚಿ ಅದೇ ಜಾಗಕ್ಕೆ ಕೂರಿಸಿ, ಟೇಪು ಬಿಗಿದು 24 ಗಂಟೆ ಬಿಡಿ. ಚೂರು ಸಿಗದಿದ್ದರೆ ಅದೇ ಕಲ್ಲಿನ ಪುಡಿಯನ್ನು ಎಪಾಕ್ಸಿಗೆ ಕಲಸಿ ತುಂಬಬಹುದು. ಆದರೆ ಎಪಾಕ್ಸಿ ಬಿಸಿಲಿಗೆ ಹಳದಿಯಾಗುವುದರಿಂದ ತಿಳಿ ಬಣ್ಣದ ಕಲ್ಲಿನಲ್ಲಿ ವರ್ಷದೊಳಗೆ ತೇಪೆ ಎದ್ದು ಕಾಣುತ್ತದೆ.

ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ

ರೌಟರಿನಲ್ಲಿ ಮಾಡಿದ ಬೋರ್ಡಿಗೆ ಮಾತ್ರ ಬರುವ ದೋಷ ಇದು. ಪ್ರೋಗ್ರಾಂ ತಪ್ಪಲ್ಲ, ಚಪ್ಪಡಿ ಏರುತಗ್ಗು. ತುದಿಯ ಕೋನ 90 ಡಿಗ್ರಿ ಇರುವ ವಿ-ಬಿಟ್ಟಿನಲ್ಲಿ ಗೆರೆಯ ಅಗಲ ಆಳದ ಎರಡರಷ್ಟು ಇರುತ್ತದೆ. ಕಲ್ಲು 1 ಮಿ.ಮೀ. ಎತ್ತರವಿದ್ದಲ್ಲಿ ಗೆರೆ 2 ಮಿ.ಮೀ. ಹೆಚ್ಚು ಅಗಲವಾಗುತ್ತದೆ. 60 ಡಿಗ್ರಿ ಬಿಟ್ಟಿನಲ್ಲಿ ಅದೇ ವ್ಯತ್ಯಾಸ 1.15 ಮಿ.ಮೀ.ಗೆ ಇಳಿಯುತ್ತದೆ. ಮೂರಡಿಯ ಸ್ಟೀಲ್ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. 0.5 ಮಿ.ಮೀ. ದಾಟಿದರೆ ಕೆಳಗೆ ತೆಳು ತಗಡು ಕೊಟ್ಟು ಸಮಮಾಡಿ, ಇಲ್ಲವೇ 60 ಡಿಗ್ರಿ ಬಿಟ್ ಹಾಕಿ. ಕಲ್ಲು ಸಮವಿದ್ದೂ ಕೊನೆಕೊನೆಗೆ ಗೆರೆ ಬೇರೆಯಾಗುತ್ತ ಹೋದರೆ ಬಿಟ್ಟಿನ ತುದಿ ಸವೆದಿದೆ.

ಸ್ಟೆನ್ಸಿಲ್ಲಿನಲ್ಲೇ ತಪ್ಪು

ಪಾರ್ಟಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಯೂನಿಕೋಡ್, ಅಂದರೆ ಮೊಬೈಲಿನ ಅಕ್ಷರ ಸಂಕೇತ. ಡಿಟಿಪಿ ಮಾಡುವವರ ಕೋರೆಲ್‌ಡ್ರಾದಲ್ಲಿ ಇರುವುದು ಹಳೆಯ ನುಡಿ ಅಥವಾ ಬರಹ ಫಾಂಟು. ಒಂದರಿಂದ ಒಂದಕ್ಕೆ ತಿರುಗಿಸುವಾಗ ಅರ್ಕಾವತ್ತು ಜಾಗ ಬದಲಿಸುತ್ತದೆ, ಒತ್ತು ಮಾಯವಾಗುತ್ತದೆ. ‘ಕಾರ್ಯಾಲಯ’, ‘ಸೂರ್ಯ’, ‘ಲಕ್ಷ್ಮೀ’, ‘ಸ್ವಾತಂತ್ರ್ಯ’ ಇಂಥ ಪದಗಳನ್ನು ಒಂದೊಂದಾಗಿ ನೋಡಲೇಬೇಕು. ಪೂರ್ತಿ ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ತೆಗೆದು ಪಾರ್ಟಿಯ ಕೈಲಿ ಓದಿಸಿ ಸಹಿ ಹಾಕಿಸಿಕೊಳ್ಳಿ. ಮೊಬೈಲಿನಲ್ಲಿ ತೋರಿಸಿ ‘ಓಕೆ’ ಅನ್ನಿಸಿಕೊಂಡದ್ದು ಲೆಕ್ಕಕ್ಕಿಲ್ಲ.

ಅಕ್ಷರದ ಮಧ್ಯೆ ಅಡ್ಡಗೆರೆ ಬಂದಿದ್ದರೆ, ಅಥವಾ ಒತ್ತು ಸೇರುವಲ್ಲಿ ಸ್ಟೆನ್ಸಿಲ್ ಚೂರು ಎದ್ದುಬರುತ್ತಿದ್ದರೆ ಕಾರಣ ಸ್ಟೆನ್ಸಿಲ್ ಕತ್ತರಿಸುವ ಪ್ಲಾಟರಿನದಲ್ಲ. ಈ ಫಾಂಟುಗಳಲ್ಲಿ ಮೂಲಾಕ್ಷರ, ಕೊಂಬು, ಒತ್ತು ಬೇರೆಬೇರೆ ತುಂಡಾಗಿ ಒಂದರ ಮೇಲೊಂದು ಕೂತಿರುತ್ತವೆ. ಅಕ್ಷರವನ್ನು ಕರ್ವ್ (ಬರಿಯ ಗೆರೆಯ ಚಿತ್ರ) ಮಾಡಿದ ಮೇಲೆ ತುಂಡುಗಳನ್ನು ಒಂದಾಗಿಸುವ ವೆಲ್ಡ್ ಕೊಡದಿದ್ದರೆ ಬ್ಲೇಡು ಒಳಗೆ ಮುಚ್ಚಿಹೋದ ಗೆರೆಯನ್ನೂ ಕತ್ತರಿಸುತ್ತದೆ. ವೈರ್‌ಫ್ರೇಮ್ ನೋಟಕ್ಕೆ (ಬಣ್ಣವಿಲ್ಲದೆ ಬರಿ ಗೆರೆ ತೋರಿಸುವುದು) ಹೋಗಿ ಗೆರೆ ಗೆರೆಯನ್ನು ದಾಟುತ್ತಿಲ್ಲವೆಂದು ನೋಡಿ, ಆಮೇಲೆ ಕತ್ತರಿಸಿ.

ಮಹಾಪ್ರಾಣದ ಸೀಳಿನ ಮೇಲೂ ಕಣ್ಣಿರಲಿ. ‘ದ’ಕ್ಕೂ ‘ಧ’ಕ್ಕೂ ನಡುವೆ ಇರುವುದು ಕೆಳಗಿನ ಆ ಸಣ್ಣ ಸೀಳು. ಅದು 2 ಮಿ.ಮೀ.ಗಿಂತ ಕಿರಿದಾಗಿದ್ದರೆ ಬ್ಲಾಸ್ಟಿಂಗಿನಲ್ಲಿ ಕಲಸಿಹೋಗಿ ಧನಲಕ್ಷ್ಮಿ ಸ್ಟೋರ್ಸ್ ದನಲಕ್ಷ್ಮಿಯಾಗುತ್ತದೆ. ಕಲ್ಲಿಗೆ ದಪ್ಪ ಫಾಂಟು ಬೇಡ. ಗೆರೆಯ ದಪ್ಪ ಅಕ್ಷರದ ಎತ್ತರದ ಎಂಟನೇ ಒಂದು ಭಾಗದ ಒಳಗಿರಲಿ.

ಬ್ಲಾಸ್ಟಿಂಗ್ ಮಸುಕಾಗಿದ್ದರೆ

ಪ್ರೆಶರ್ ಗೇಜನ್ನು ಟ್ಯಾಂಕಿನಲ್ಲಿ ನೋಡಬೇಡಿ. ಟ್ರಿಗರ್ ಒತ್ತಿ ಹಿಡಿದಾಗ ನಾಜಲ್ ಹತ್ತಿರ ಎಷ್ಟಿದೆ ಎನ್ನುವುದೇ ಮುಖ್ಯ. 3 ಮಿ.ಮೀ. ನಾಜಲ್ 80 ಪಿಎಸ್ಐ ಒತ್ತಡದಲ್ಲಿ ಸುಮಾರು 15 ಸಿಎಫ್ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಕೇಳುತ್ತದೆ. 2 ಎಚ್‌ಪಿ ಕಂಪ್ರೆಸರ್ ಕೊಡುವುದು ಅದರ ಅರ್ಧದಷ್ಟು. ಮೊದಲ ಅಕ್ಷರ ಆಳ, ಮೂರನೆಯದು ಮೇಲುಮೇಲೆ ಆಗಿದ್ದರೆ ಕಾರಣ ಇದೇ. ಟ್ಯಾಂಕ್ ತುಂಬುವ ತನಕ ಬಿಟ್ಟು ಬಿಟ್ಟು ಹೊಡೆಯಿರಿ, ಇಲ್ಲವೇ 5 ಎಚ್‌ಪಿಗೆ ಹೋಗಿ. ನಾಜಲ್ ಸವೆದು 3 ಇದ್ದದ್ದು 4 ಮಿ.ಮೀ. ಆದರೆ ಗಾಳಿಯ ಖರ್ಚು ಮುಕ್ಕಾಲು ಪಟ್ಟು ಏರುತ್ತದೆ, ಹೊಸ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ಅಳೆಯಬಹುದು. ಮಳೆಗಾಲದಲ್ಲಿ ಪುಡಿ ಗಂಟುಗಟ್ಟಿ ತಡೆತಡೆದು ಬಂದರೆ ಟ್ಯಾಂಕಿನ ನೀರು ಬಿಡಿ.

ಹೊಳೆ ಮರಳು ಅಗ್ಗವೆಂದು ತುಂಬಿಕೊಳ್ಳಬೇಡಿ. ಒಡೆದ ಮರಳಿನ ಸ್ಫಟಿಕ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಬಂದ ಮೇಲೆ ವಾಸಿಯಾಗದ ಕಾಯಿಲೆ ಅದು. 60ರಿಂದ 80 ನಂಬರಿನ (ಕಾಳಿನ ಗಾತ್ರ) ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್ ಬಳಸಿ. ಗ್ರಾನೈಟಿನಲ್ಲೇ ಸ್ಫಟಿಕ ಇರುವುದರಿಂದ ಗ್ರೈಂಡರ್ ಕೆಲಸಕ್ಕೂ ನೀರು ಬೇಕು, ಎನ್95 ಮಾಸ್ಕ್ ಬೇಕು. ಕರ್ಚೀಪು ಕಟ್ಟಿಕೊಂಡರೆ ಸಾಲದು. ಸಂಜೆ ಒಣ ಕಸಬರಿಗೆಯಲ್ಲಿ ಗುಡಿಸುವುದೂ ಅಷ್ಟೇ ಕೆಟ್ಟದ್ದು.

ಬಣ್ಣ ಬಿಡುವುದು

ಉದುರಿದ ಬಣ್ಣದ ಚಕ್ಕೆಯೊಂದನ್ನು ಎತ್ತಿ ತಿರುಗಿಸಿ ನೋಡಿ, ಕಾರಣ ಅದರ ಬೆನ್ನಿನಲ್ಲಿದೆ. ಬೆನ್ನಿಗೆ ಕಲ್ಲುಪುಡಿ ಅಂಟಿದ್ದರೆ ತೊಳೆಯದೆ ಬಣ್ಣ ಹಚ್ಚಿದ್ದಾರೆ. ನುಣುಪಾಗಿ ಹೊಳೆಯುತ್ತಿದ್ದರೆ ಮೇಣ ಅಥವಾ ಎಣ್ಣೆಯ ಮೇಲೆ ಬಣ್ಣ ಕೂತಿತ್ತು. ಬೆನ್ನಿನಲ್ಲಿ ಗುಳ್ಳೆಯ ಗುಂಡಿಗಳಿದ್ದರೆ ಕಲ್ಲಿನಲ್ಲಿ ಪಸೆ ಇತ್ತು. ಚಕ್ಕೆ ಏಳದೆ ಮೇಲ್ಮೈ ಮಾತ್ರ ಬೆರಳಿಗೆ ಸುಣ್ಣದಂತೆ ಅಂಟಿದರೆ ಬಿಸಿಲು ತಿಂದದ್ದು, ಹೆಚ್ಚಾಗಿ ಎಪಾಕ್ಸಿ ಪೇಂಟು. ಅದನ್ನು ಹೊರಗೆ ಬಳಸಲೇಬಾರದು.

ಹಳೆಯದನ್ನು ಪೂರ್ತಿ ತೆಗೆದು, ನೈಲಾನ್ ಬ್ರಷ್ಷಿನಲ್ಲಿ ನೀರು ಹಾಕಿ ಉಜ್ಜಿ, ಎರಡು ದಿನ ಬಿಸಿಲಿಗಿಡಿ. ಶ್ರಾವಣದಲ್ಲಾದರೆ ನಾಲ್ಕೈದು ದಿನ. ಅಸಿಟೋನಿನಲ್ಲಿ ಒರೆಸಿ ಒಂದು ತೆಳು ಪ್ರೈಮರ್, ಆಮೇಲೆ ಹೊರಾಂಗಣದ ಪಿಯು (ಪಾಲಿಯುರೆಥೇನ್) ಪೇಂಟು ಎರಡು ತೆಳು ಕೋಟು. ಪಾಲಿಶ್ ಕಲ್ಲಿನಲ್ಲಿ ಹೊರಗೆ ಹರಿದದ್ದನ್ನು ಮರುದಿನ ಬ್ಲೇಡಿನಲ್ಲಿ ಕೆರೆಯಬಹುದು. ಒರಟು ಕಲ್ಲಿನಲ್ಲಿ ಆಗದು, ಸ್ಟೆನ್ಸಿಲ್ ಇರುವಾಗಲೇ ಬಣ್ಣ ಮುಗಿಸಬೇಕು. ಬಿಳಿ, ಕಪ್ಪು, ಕಾವಿ ಬಾಳುತ್ತವೆ. ಕಡು ಕೆಂಪು, ಹಳದಿ ಬೇಗ ಮಾಸುತ್ತವೆ. ಡಬ್ಬಿಯ ಗೋಲ್ಡ್ ಪೇಂಟಿನಲ್ಲಿರುವುದು ಹಿತ್ತಾಳೆ ಪುಡಿಯಾದ್ದರಿಂದ ಕರ್ರಗಾಗುತ್ತದೆ.

ಬಣ್ಣವೇ ಬೇಡದ ದಾರಿಯೂ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದಾಗ ಅದರಲ್ಲಿ ಬಣ್ಣವಿರಲಿಲ್ಲ, ಅಕ್ಷರವಿತ್ತು. ಬರೆದ ಲಿಪಿಕಾರ ಚಪಡನ ಹೆಸರೂ ಉಳಿದಿತ್ತು. ವಿ-ಆಕಾರದಲ್ಲಿ 5 ಮಿ.ಮೀ.ಗಿಂತ ಆಳ ತೆಗೆದರೆ ನೆರಳೇ ಅಕ್ಷರ ತೋರಿಸುತ್ತದೆ. ಆದರೆ ಮುಖ ಯಾವ ದಿಕ್ಕಿಗಿದೆ ನೋಡಿ. ನಮ್ಮ ಅಕ್ಷಾಂಶ 14 ಡಿಗ್ರಿ ಚಿಲ್ಲರೆ. ಉತ್ತರಕ್ಕೆ ಮುಖ ಮಾಡಿದ ಬೋರ್ಡಿಗೆ ನಡು ಹಗಲಿನ ಬಿಸಿಲು ಬೀಳುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಾತ್ರ. ‘ಅಕ್ಷರ ಕಾಣುತ್ತಿಲ್ಲ’ ಎಂಬ ದೂರು ಅಲ್ಲಿಂದಲೇ ಬರುತ್ತದೆ, ಅಂಥದ್ದಕ್ಕೆ ಬಣ್ಣ ಬೇಕೇ ಬೇಕು. ಲೇಸರಿನಲ್ಲಿ ಮಾಡಿದ್ದಾದರೆ ಆಳವೇ ಇರುವುದಿಲ್ಲ. ಕರಿ ಕಲ್ಲಿನ ಪಾಲಿಶ್ ಮೇಲೆ ಮಾತ್ರ ಅದು ಎದ್ದು ಕಾಣುತ್ತದೆ, ಬೂದು ಕಲ್ಲಿಗೆ ದಂಡ.

ಬಿಳಿ ಕಲೆ, ಕಂದು ಕಲೆ

ಬಿಳಿ ಕಲೆಯ ಮೇಲೆ ಒದ್ದೆ ಬಟ್ಟೆ ಉಜ್ಜಿ. ಕರಗಿ ಹೋಗಿ ವಾರದಲ್ಲಿ ಮತ್ತೆ ಬಂದರೆ ಕಟ್ಟೆಯ ಸಿಮೆಂಟಿನಿಂದ ಪಸೆಯ ಜೊತೆ ಮೇಲೇರುವ ಉಪ್ಪು. ಅದು ಯಾವಾಗಲೂ ಬುಡದಿಂದ ಮೇಲಕ್ಕೆ ಇರುತ್ತದೆ. ಕರಗದೆ, ಗ್ರಾನೈಟಿನ ಮೇಲೆ ಆ್ಯಸಿಡ್ ಹನಿಗೆ ನೊರೆ ಬಂದರೆ ಗಡಸು ನೀರಿನ ಸುಣ್ಣ. ನಾಲೆ ನೀರು ಸಿಗುವ ಹರಿಹರದ ಕಡೆಗಿಂತ ಬೋರ್‌ವೆಲ್ ನಂಬಿದ ಜಗಳೂರು, ಚಳ್ಳಕೆರೆ ಕಡೆ ಇದು ಹೆಚ್ಚು. ಬೋರ್ಡಿನ ಮುಂದೆ ಲಾನ್ ಇಟ್ಟು ಸ್ಪ್ರಿಂಕ್ಲರ್ ಹಾಕಿದ್ದರೆ ಕೇಳುವುದೇ ಬೇಡ. ಗ್ರಾನೈಟ್ ಆದರೆ ವಿನೆಗರಿಗೆ ಸಮ ನೀರು ಬೆರೆಸಿ ಹಚ್ಚಿ, ಐದು ನಿಮಿಷಕ್ಕೆ ತೊಳೆಯಿರಿ, ಸ್ಪ್ರಿಂಕ್ಲರಿನ ಮುಖ ತಿರುಗಿಸಿ. ಕಡಪಕ್ಕೆ ಯಾವ ಹುಳಿಯೂ ತಾಗಬಾರದು, ಕಲೆಯ ಜೊತೆ ಕಲ್ಲೂ ಕರಗುತ್ತದೆ.

ಕಂದು ಕಲೆ ಎಲ್ಲಿಂದ ಶುರುವಾಗಿದೆ ನೋಡಿ. ಬೋಲ್ಟಿನ ಕೆಳಗಿಂದ ಇಳಿದಿದ್ದರೆ ಕಬ್ಬಿಣದ ಬೋಲ್ಟು. ಅಕ್ಷರದ ಒಳಗೆ ಚುಕ್ಕಿಚುಕ್ಕಿಯಾಗಿದ್ದರೆ ಸ್ಟೀಲ್ ಬ್ರಷ್ ಅಥವಾ ಉಳಿಯ ಚೂರು ಉಳಿದಿದೆ. ಕಲ್ಲಿನ ನಡುವೆ ಒಂದೇ ಚುಕ್ಕಿಯಿಂದ ಬಾಲದಂತೆ ಇಳಿದಿದ್ದರೆ ಕಲ್ಲಿನಲ್ಲೇ ಕಬ್ಬಿಣದ ಖನಿಜವಿದೆ. ಮೊದಲೆರಡಕ್ಕೆ ಆಕ್ಸಾಲಿಕ್ ಆ್ಯಸಿಡ್ 50 ಗ್ರಾಂ ಒಂದು ಲೀಟರ್ ನೀರಿಗೆ ಕಲಸಿ, ಟಿಶ್ಯೂ ಕಾಗದ ನೆನೆಸಿ ಕಲೆಯ ಮೇಲೆ ಅಂಟಿಸಿ, ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಬಿಡಿ. ವಿಷ ಅದು, ಕೈಗೆ ಗ್ಲೌಸ್ ಇರಲಿ. ಮೂಲೆಯಲ್ಲಿ ಹಚ್ಚಿ ನೋಡಿದ ಮೇಲೆ ಮುಂದುವರಿಯಿರಿ. ಮೂರನೆಯದು ಮತ್ತೆ ಮತ್ತೆ ಬರುತ್ತದೆ. ಆ ಚುಕ್ಕಿಯನ್ನೇ ಕೊರೆದು ತೆಗೆದು ಎಪಾಕ್ಸಿ ತುಂಬಬೇಕು.

ಬೋಲ್ಟಿನ ಹತ್ತಿರ ಬಿರುಕು

ಮೂಲೆಯ ತೂತಿನಿಂದ ಅಂಚಿಗೆ ಬಿರುಕು ಓಡಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ, ಅಥವಾ ನಟ್ಟನ್ನು ಅತಿಯಾಗಿ ಬಿಗಿದಿದ್ದಾರೆ. ತೂತು ಅಂಚಿನಿಂದ ಕಲ್ಲಿನ ದಪ್ಪದ ಎರಡೂವರೆ ಪಟ್ಟು ಒಳಗಿರಲಿ, ಬೋಲ್ಟು 304 ಅಥವಾ 316 ಸ್ಟೇನ್‌ಲೆಸ್ ಆಗಿರಲಿ, ನಟ್ಟಿನ ಕೆಳಗೆ ರಬ್ಬರ್ ವಾಷರ್ ಇರಲಿ. ತೂಕ ಲೆಕ್ಕ ಹಾಕಿ: 20 ಮಿ.ಮೀ. ಗ್ರಾನೈಟ್ ಚದರಡಿಗೆ 5 ಕೆ.ಜಿ., ಅಂದರೆ ಮೂರಡಿಗೆ ಎರಡಡಿಯ 40 ಮಿ.ಮೀ. ಬೋರ್ಡು 60 ಕೆ.ಜಿ. ಅದನ್ನು ನಾಲ್ಕು ಬೋಲ್ಟಿಗೆ ನೇತುಹಾಕದೆ ಕೆಳಗೆ ಕಟ್ಟೆಯ ಆಸರೆ ಕೊಡಿ. ಕಟ್ಟೆ ನೆಲದಿಂದ 6 ಇಂಚಾದರೂ ಎತ್ತರವಿದ್ದರೆ ಮಳೆಯ ಕೆಸರು ಅಕ್ಷರಕ್ಕೆ ಸಿಡಿಯದು. ಕಲ್ಲಿನ ಸುತ್ತ ಸಿಮೆಂಟ್ ಬಿಗಿಯಾಗಿ ತುಂಬದೆ 4 ಮಿ.ಮೀ. ಸಂದು ಬಿಟ್ಟು ಸಿಲಿಕಾನ್ ಹಾಕಿ.

ಮತ್ತೆ ಕೆತ್ತಬೇಕೆಂದು ತೀರ್ಮಾನವಾದರೆ ಹೊಸ ಕಲ್ಲು ತರುವ ಮುಂಚೆ ಹಳೆಯದರ ದಪ್ಪ ಅಳೆಯಿರಿ. 30 ಮಿ.ಮೀ.ಗಿಂತ ಹೆಚ್ಚಿದ್ದು ಅಕ್ಷರ 3 ಮಿ.ಮೀ. ಆಳವಿದ್ದರೆ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಮುಖವನ್ನೇ ಉಜ್ಜಿಸಿ ಮತ್ತೆ ಪಾಲಿಶ್ ಮಾಡಿಸಬಹುದು. ಅಕ್ಷರ ಅದಕ್ಕಿಂತ ಆಳವಿದ್ದರೆ ಹಿಂಬದಿಯನ್ನು ಪಾಲಿಶ್ ಮಾಡಿಸಿ ಕೆತ್ತಿ. ಆದರೆ ಹಳೆಯ ಅಕ್ಷರದ ಗುಂಡಿಯ ನೇರಕ್ಕೆ ಹೊಸ ಅಕ್ಷರ ಬಂದರೆ ಎರಡರ ಆಳ ಸೇರಿಯೂ ಕಲ್ಲಿನ ದಪ್ಪದ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಿ.